ದ್ವೀಪವಿಹಾರವೂ ಅತಿಥಿಧರ್ಮವೂ

ಪ್ರಯಾಣಕ್ಕೆ ಮುಂಚೆ ಬುತ್ತಿ ಕಟ್ಟಿಕೊಳ್ಳುವುದು ಮನುಷ್ಯನ ಅತ್ಯಂತ ಹಳೆಯ ರೂಢಿಗಳಲ್ಲೊಂದು. ಯಾರು ಎಷ್ಟು ದೂರ ಹೋಗುವರು, ಎಷ್ಟು ದಿನ ನಿಲ್ಲುವರು, ದಾರಿಯಲ್ಲಿ ಏನು ದೊರೆಯುವುದು, ಏನು ದೊರೆಯಲಾರದು ಎಂಬುದನ್ನೆಲ್ಲ ಎಣಿಸಿಯೇ ಮನೆಯ ಹೆಂಗಸರು ರೊಟ್ಟಿಯನ್ನು ಬಡಿಯುವರು. ಒಂದು ದಿನದ ದಾರಿಗೆ ಮೆತ್ತನೆಯ ರೊಟ್ಟಿ. ಎಂಟು ದಿನದ ದಾರಿಗೆ ಕಟಕರೊಟ್ಟಿ, ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ. ಬುತ್ತಿಯ ಗಂಟನ್ನು ನೋಡಿಯೇ ಪ್ರಯಾಣದ ಉದ್ದವನ್ನು ಹೇಳಬಹುದಾಗಿತ್ತು. ಆದರೆ ಬುತ್ತಿಯು ಹೋಗುವವನ ಹಸಿವನ್ನು ಮಾತ್ರ ಬಲ್ಲುದು; ಹೋಗುವ ಊರಿನ ಹಸಿವು ಬಾಯಾರಿಕೆಗಳನ್ನು ಅದು ಅರಿಯದು. ಇಂದಿನ ದಿನಗಳಲ್ಲಿ ಸಾಧಾರಣ ಸ್ಥಿತಿಯ ಮನೆಗಳವರೂ ಪರದೇಶದ ದ್ವೀಪಗಳಿಗೆ ವಿಹಾರಾರ್ಥವಾಗಿ ಹೊರಡತೊಡಗಿರುವುದರಿಂದ, ಅಂಥ ಯಾತ್ರೆಗೆ ನಿಜವಾದ ಸಿದ್ಧತೆಯು ಯಾವುದೆಂಬ ಪ್ರಶ್ನೆಯು ವಿಚಾರಯೋಗ್ಯವಾಗಿರುತ್ತದೆ.

ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಲ್ಲಿ ಒಂದು ಒಕ್ಕಲುತನದ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಕಪ್ಪತಗುಡ್ಡದ ಸೀಮೆಯದು; ಗದಗ ಜಿಲ್ಲೆಯ ಸರಾಸರಿ ಮಳೆಯು ವರ್ಷಕ್ಕೆ ೬೦೦ ಮಿಲಿಮೀಟರಿಗೆ ತುಸು ಮೇಲೆ ಮಾತ್ರ. ಮನೆಯ ಹಿರಿಯ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಸಂಕ್ರಮಣಕ್ಕೆ ಊರಿಗೆ ಬಂದ ಅವನು, ಬರುವ ಬೇಸಗೆಯಲ್ಲಿ ತಂದೆತಾಯಿಗಳನ್ನೂ ಹೆಂಡತಿಮಕ್ಕಳನ್ನೂ ಕರೆದುಕೊಂಡು ಪರದೇಶದ ಒಂದು ದ್ವೀಪದಲ್ಲಿ ಎಂಟು ದಿನ ಇದ್ದು ಬರಬೇಕೆಂಬ ವಿಚಾರವನ್ನು ಮುಂದಿಡುತ್ತಾನೆ. ಅದು ಹಿಂಗಾರಿಯ ಸುಗ್ಗಿ ಮುಗಿದು ಮುಂಗಾರಿಯ ಬಿತ್ತನೆಗೆ ಇನ್ನೂ ದಿನಗಳಿರುವ ಕಾಲ. ಮಕ್ಕಳ ಶಾಲೆಗೂ ಬಿಡುವು. ಮಾಲ್ಡೀವ್ಸೋ ಬಾಲಿಯೋ ಎಂದು ಕೆಲವು ಹೊತ್ತು ಚರ್ಚೆ ನಡೆದು, ದೇವಾಲಯಗಳೂ ಭತ್ತದ ಗದ್ದೆಗಳೂ ಇರುವ ಬಾಲಿಯೇ ಆಗಲೆಂದು ನಿಶ್ಚಯವಾಗುತ್ತದೆ. ಒಡನೆಯೇ ಯಾದಿಯು ಬೆಳೆಯತೊಡಗುತ್ತದೆ. ತಂದೆತಾಯಿಗಳ ಪಾಸ್‌ಪೋರ್ಟಿಗಾಗಿ ಹುಬ್ಬಳ್ಳಿಗೆ ಹೋಗಿ ಬರಬೇಕು. ಮಗನ ಪಾಸ್‌ಪೋರ್ಟಿನಲ್ಲಿ ಕಡಿಮೆಯೆಂದರೆ ಆರು ತಿಂಗಳ ಅವಧಿ ಉಳಿದಿರಬೇಕು. ಬೆಂಗಳೂರಿನಿಂದ ವಿಮಾನದ ಟಿಕೀಟುಗಳನ್ನು ಮೊದಲೇ ಕೊಳ್ಳಬೇಕು. ವೀಸಾದ ಹಣವನ್ನು ತೆಗೆದಿಡಬೇಕು. ಬಾಲಿ ಪ್ರಾಂತವು ತನ್ನ ನಿಸರ್ಗವನ್ನೂ ಸಂಸ್ಕೃತಿಯನ್ನೂ ಕಾಯುವುದಕ್ಕಾಗಿ ೨೦೨೪ರ ಫೆಬ್ರುವರಿ ೧೪ರಿಂದ ಪರದೇಶದ ಪ್ರವಾಸಿಗಳ ಮೇಲೆ ವಿಧಿಸಿರುವ ತಲೆಗೆ ೧,೫೦,೦೦೦ ರುಪಿಯಾದ ಕರವನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಅಂಕೆಯು ದೊಡ್ಡದಾಗಿ ಕಂಡರೂ ನಮ್ಮ ನಾಣ್ಯದಲ್ಲಿ ಅದು ಸಾವಿರ ರೂಪಾಯಿಗೆ ಮೀರದಂಥ ಮೊತ್ತವೇ.

ಯಾದಿಯು ಹೀಗೆ ಬೆಳೆಯುತ್ತಿರಲು ಮನೆಯ ಯಜಮಾನರು ಬಾಯಿ ತೆರೆಯುತ್ತಾರೆ: "ಆ ರೊಕ್ಕದಾಗ ಒಂದು ಜೋಡಿ ಎತ್ತು ಬರ್ತಾವು." ಮಗನ ಉತ್ತರವೂ ಸಿದ್ಧವಾಗಿದೆ: "ಅಪ್ಪಾ, ನೀವು ಒಂದು ದಿನಾನೂ ಕೆಲಸ ಬಿಟ್ಟು ಕುಂತಿಲ್ಲ. ಇದು ನಾ ದುಡಿದ ರೊಕ್ಕ." ಇವೆರಡು ಮಾತುಗಳಲ್ಲಿ ಎರಡು ಧರ್ಮವಿಚಾರಗಳು ಅಡಗಿವೆ, ಎರಡನ್ನೂ ಪರೀಕ್ಷಿಸುವುದು ಯುಕ್ತ.

ಯಜಮಾನರ ಆಕ್ಷೇಪವು ಮೇಲ್ನೋಟಕ್ಕೆ ಹಣದ ಮೊತ್ತವನ್ನು ಕುರಿತದ್ದು. ಆದರೆ ಅದೇ ಮನೆಯಲ್ಲಿ ಮಗಳ ಲಗ್ನಕ್ಕೆ ಇದಕ್ಕೂ ಹೆಚ್ಚು ಹಣವು ವೆಚ್ಚವಾಗಿರಬಹುದು. ಆಗ ಎತ್ತಿನ ಜೋಡಿಯ ನೆನಪು ಯಾರಿಗೂ ಆಗಿರಲಿಕ್ಕಿಲ್ಲ. ಆದುದರಿಂದ ಅವರ ಮನಸ್ಸನ್ನು ಕುಟುಕುವುದು ವೆಚ್ಚವಲ್ಲ, ವೆಚ್ಚದ ಉದ್ದೇಶ. ಲಗ್ನವು ಕರ್ತವ್ಯ, ತೀರ್ಥಯಾತ್ರೆಯು ಪುಣ್ಯ. ಬರಿಯ ವಿಹಾರವೆಂದರೆ ಸೋಮಾರಿತನವೆಂಬ ಭಾವನೆಯು ದುಡಿದು ಬದುಕಿದವರಲ್ಲಿ ಆಳವಾಗಿ ಬೇರೂರಿರುತ್ತದೆ. ಕಾಯಕವನ್ನೇ ಪೂಜೆಯೆಂದು ಬಗೆದ ನಾಡಿನಲ್ಲಿ ಇದು ಸಹಜವಾದದ್ದೇ. ಆದರೆ ಅದೇ ನಾಡಿನ ಒಕ್ಕಲಿಗನು ಸೋಮವಾರ ಎತ್ತುಗಳನ್ನು ಹೂಡುವುದಿಲ್ಲ. ಹೊಲದಲ್ಲಿ ಎಷ್ಟೇ ಅವಸರದ ಕೆಲಸವಿದ್ದರೂ ಬಸವಣ್ಣನ ವಾರವೆಂದು ಅವುಗಳ ಹೆಗಲಿಗೆ ಆ ದಿನ ನೊಗವು ತಾಗುವುದಿಲ್ಲ. ಎತ್ತಿಗೆ ಸಲ್ಲುವ ವಿಶ್ರಾಂತಿಯು ಎತ್ತಿನ ಹಿಂದೆ ನಡೆದವನಿಗೆ ಸಲ್ಲಬಾರದೆಂಬುದು ನ್ಯಾಯವಾಗಲಾರದು. ಮೈಮುರಿದು ದುಡಿದ ಮುದುಕನೊಬ್ಬನು ತನ್ನ ಆಯುಷ್ಯದಲ್ಲಿ ಎಂಟು ದಿನ ಸಮುದ್ರದ ದಂಡೆಯಲ್ಲಿ ಸುಮ್ಮನೆ ಕುಳಿತರೆ ಅದರಲ್ಲಿ ದೋಷವಿಲ್ಲ.

ಮಗನ ಮಾತಿನ ಪೂರ್ವಾರ್ಧವು ಹೀಗೆ ನಿಲ್ಲುತ್ತದೆ; ಉತ್ತರಾರ್ಧವು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ತಾನು ದುಡಿದ ಹಣವನ್ನು ತಾನು ವೆಚ್ಚಮಾಡುವ ಹಕ್ಕು ತನಗಿದೆಯೆಂಬುದು ಸರಿ. ಆದರೆ ಹಣ ತೆತ್ತವನಿಗೆ ಅಲ್ಲಿ ಏನೇನು ಕೊಂಡಂತಾಯಿತು? ಕೋಣೆಯನ್ನೂ ಊಟವನ್ನೂ ವಾಹನವನ್ನೂ ಕೊಂಡನು. ಸೇವಕರ ಕೆಲವು ತಾಸುಗಳ ಶ್ರಮವನ್ನು ಕೊಂಡನು. ದ್ವೀಪವನ್ನು ಕೊಳ್ಳಲಿಲ್ಲ. ಈ ಭೇದವು ಮನೆಯ ತಾಯಿಗೆ ಯಾರೂ ಹೇಳದೆಯೇ ಹೊಳೆಯುತ್ತದೆ. ಯಾದಿಯೆಲ್ಲ ಓದಿ ಮುಗಿದ ಮೇಲೆ ಆಕೆ ಕೇಳುವ ಪ್ರಶ್ನೆ ಒಂದೇ: "ತಮ್ಮಾ, ಸುತ್ತೂಕಡೆ ಉಪ್ಪುನೀರು ಅಂತೀದಿ. ಅಷ್ಟು ಮಂದಿ ಹೋದ್ರ, ಆ ಊರವರಿಗೆ ಕುಡಿಯಾಕ ನೀರು ಎಲ್ಲಿಂದ ಬರ್ತೈತಿ?"

ಬೇಸಗೆಯಲ್ಲಿ ಕೊಡಗಳನ್ನು ಸಾಲಾಗಿ ಇಟ್ಟು ಕಾದವರಿಗೆ ಮಾತ್ರ ಮೊದಲು ತೋಚುವಂಥ ಪ್ರಶ್ನೆಯಿದು. ಇದರ ಮಹತ್ವವನ್ನು ಅರಿಯಬೇಕಾದರೆ, ಸಮುದ್ರಯಾನದ ವಿಷಯದಲ್ಲಿ ಹಿಂದಿನವರು ಏನನ್ನು ಕೇಳುತ್ತಿದ್ದರೆಂಬುದನ್ನು ಮೊದಲು ನೋಡಬೇಕು.

ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಮನುಷ್ಯನನ್ನು ಪತಿತನನ್ನಾಗಿಸುವ ಕರ್ಮಗಳಲ್ಲಿ ಎಣಿಸಿದೆ. ಕಡಲು ದಾಟಿದವನ ಆಚಾರವು ಕೆಡುವುದು, ಮರಳಿ ಬಂದವನು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎಂಬ ನಂಬಿಕೆಯು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅನೇಕ ಮನೆತನಗಳಲ್ಲಿ ಉಳಿದಿತ್ತು. ಆದರೆ ವ್ಯಾಪಾರಿಗಳು ಈ ನಿಷೇಧವನ್ನು ಕೇಳಿ ದಡದಲ್ಲಿ ಕುಳಿತಿರಲಿಲ್ಲ. ಐಹೊಳೆಯ ಐನೂರ್ವರ ಹೆಸರನ್ನು ಹೊತ್ತ ವರ್ತಕಸಂಘದ ತಮಿಳು ಶಾಸನವೊಂದು, ಶಕ ೧೦೧೦ ಅಂದರೆ ಕ್ರಿಸ್ತಶಕ ೧೦೮೮ರದು, ಸುಮಾತ್ರಾ ದ್ವೀಪದ ಬಾರೂಸಿನ ಬಳಿ ದೊರೆತಿದೆ. ಅದಾದ ಏಳೇ ವರ್ಷಗಳಲ್ಲಿ, ಅಂದರೆ ೧೦೯೫ರಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇದೇ ಮುಂಡರಗಿ ತಾಲೂಕಿನ ಡಂಬಳದಲ್ಲಿ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರಗಳಿಗೆ ದತ್ತಿ ಬಿಟ್ಟುದನ್ನು ಒಂದು ಶಾಸನವು ಹೇಳುತ್ತದೆ. ಆ ಶಾಸನದ ಮೊದಲಲ್ಲಿ ಸ್ತುತಿಗೊಂಡವಳು ತಾರಾದೇವಿ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸೆರೆ, ಸಮುದ್ರ, ಪಿಶಾಚಿ ಎಂಬ ಎಂಟು ಭಯಗಳಿಂದ ಆಕೆ ತನ್ನ ಭಕ್ತರನ್ನು ಪಾರುಮಾಡುವಳು. ಕಡಲಿನಿಂದ ಇಷ್ಟು ದೂರದ, ಮಳೆಗಾಗಿ ಮುಗಿಲು ನೋಡುವ ಎರೆಯ ಸೀಮೆಯಲ್ಲಿ ಕಡಲ ಭಯವನ್ನು ಕಳೆಯುವ ದೇವತೆಗೆ ಗುಡಿಯಾದದ್ದು ಸೋಜಿಗವೇ ಸರಿ.

ಶಾಸ್ತ್ರಕಾರನು ನಿಷೇಧಿಸಿದನು, ಸೆಟ್ಟಿಯು ದೇವತೆಯ ಮೊರೆಹೊಕ್ಕನು. ಇಬ್ಬರ ದಾರಿಗಳೂ ಬೇರೆಯಾದರೂ ಇಬ್ಬರ ಚಿಂತೆಯೂ ಒಂದೇ ಆಗಿತ್ತು: ಸಮುದ್ರವು ಯಾತ್ರಿಕನಿಗೆ ಏನು ಮಾಡೀತು? ಇಂದು ವಿಮಾನವು ಆ ಭಯವನ್ನು ಬಹುಮಟ್ಟಿಗೆ ಕಳೆದಿದೆ. ಪ್ರವಾಸದ ವಿಮೆಯು ಉಳಿದುದನ್ನು ಹಣದಿಂದ ತುಂಬಿಕೊಡುತ್ತದೆ. ಆದುದರಿಂದ ಪ್ರಶ್ನೆಯು ಈಗ ತಿರುವುಮುರುವಾಗಬೇಕಾಗಿದೆ: ಯಾತ್ರಿಕನು ದ್ವೀಪಕ್ಕೆ ಏನು ಮಾಡಿಯಾನು? ಹಿರೇವಡ್ಡಟ್ಟಿಯ ತಾಯಿಯು ಕೇಳಿದ್ದು ಇದನ್ನೇ.

ದ್ವೀಪವೆಂದರೆ ಮಿತಿ. ದೊಡ್ಡ ನಾಡಿನಲ್ಲಿ ಒಂದು ಊರಿನ ಕೊರತೆಯನ್ನು ಇನ್ನೊಂದು ಊರು ತುಂಬಬಹುದು. ದ್ವೀಪದಲ್ಲಿ ನಾಲ್ಕೂ ಕಡೆಗೆ ಕಡಲೇ ಗೋಡೆ. ಮಾಲ್ಡೀವ್ಸ್ ಸಾವಿರಕ್ಕೂ ಮಿಕ್ಕಿದ ಪುಟ್ಟ ಹವಳದ ದ್ವೀಪಗಳ ದೇಶ. ಅವುಗಳಲ್ಲಿ ಬಹಳಷ್ಟು ಸಮುದ್ರಮಟ್ಟದಿಂದ ಒಂದು ಮೀಟರಿನಷ್ಟೇ ಎತ್ತರವಾಗಿವೆ. ಅಲ್ಲಿಯ ರಾಜಧಾನಿಯಾದ ಮಾಲೆಯ ಜನರು ಕುಡಿಯುವುದು ಯಂತ್ರಗಳಿಂದ ಉಪ್ಪು ತೆಗೆದ ಕಡಲ ನೀರನ್ನು. ೨೦೧೪ರ ಡಿಸೆಂಬರ್ ೪ರಂದು ಆ ಯಂತ್ರಾಗಾರಕ್ಕೆ ಬೆಂಕಿ ಬಿದ್ದಾಗ ಸುಮಾರು ಒಂದು ಲಕ್ಷ ಜನರ ನಲ್ಲಿಗಳು ಒಮ್ಮೆಲೇ ಬತ್ತಿದವು. ಭಾರತವು ವಿಮಾನಗಳಲ್ಲಿಯೂ ನೌಕಾದಳದ ಹಡಗಿನಲ್ಲಿಯೂ ಕುಡಿಯುವ ನೀರನ್ನು ಕಳಿಸಬೇಕಾಯಿತು. ಕಣ್ಣಿಗೆ ಕಾಣುವಷ್ಟು ದೂರವೂ ನೀರೇ ಇರುವ ಊರಿಗೆ ನೀರನ್ನು ಹೊತ್ತು ಒಯ್ದ ಸಂಗತಿಯಿದು.

ಬಾಲಿಯು ಅದಕ್ಕಿಂತ ಬಹು ದೊಡ್ಡದು. ಅಲ್ಲಿ ಬೆಟ್ಟಗಳೂ ಸರೋವರಗಳೂ ತೊರೆಗಳೂ ಇವೆ. ಅಲ್ಲಿಯ ಒಕ್ಕಲಿಗರು ನೂರಾರು ವರ್ಷಗಳಿಂದ 'ಸುಬಕ್' ಎಂಬ ಸಂಘಗಳನ್ನು ಕಟ್ಟಿಕೊಂಡು, ಜಲದೇವಾಲಯಗಳ ಸಾಕ್ಷಿಯಲ್ಲಿ, ಮೇಲಿನ ಗದ್ದೆಗೆ ಎಷ್ಟು, ಕೆಳಗಿನ ಗದ್ದೆಗೆ ಎಷ್ಟು ಎಂದು ನೀರನ್ನು ಹಂಚಿಕೊಳ್ಳುತ್ತ ಬಂದಿದ್ದಾರೆ. ಈ ಪದ್ಧತಿಯನ್ನು ೨೦೧೨ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಆದರೆ ಆ ಹಂಚಿಕೆಯು ಊರಿನ ಗದ್ದೆಗಳನ್ನು ಎಣಿಸಿ ಮಾಡಿದ್ದು. ಬರುವ ವಿಹಾರಿಗಳನ್ನು ಎಣಿಸಿ ಮಾಡಿದ್ದಲ್ಲ. ದ್ವೀಪದ ಜನಸಂಖ್ಯೆ ಸುಮಾರು ೪೪ ಲಕ್ಷವಿದ್ದರೆ, ೨೦೨೪ನೆಯ ಒಂದೇ ವರ್ಷದಲ್ಲಿ ಅಲ್ಲಿಗೆ ಬಂದ ಪರದೇಶೀಯರ ಸಂಖ್ಯೆಯು ೬೦ ಲಕ್ಷವನ್ನು ಮೀರಿತು. ಅವರಿಗಾಗಿ ಗದ್ದೆಗಳು ವಸತಿಗೃಹಗಳಾದವು, ಈಜುಕೊಳಗಳು ತೋಡಲ್ಪಟ್ಟವು, ತೆಂಕಣ ತೀರದ ಭಾವಿಗಳಲ್ಲಿ ಉಪ್ಪಿನ ಅಂಶವು ಏರತೊಡಗಿತು. ಹಿರೇವಡ್ಡಟ್ಟಿಯ ಮನೆಯವರು ಹೊರಡುವ ಕಾಲವಾದರೂ ಯಾವುದು? ಇಲ್ಲಿ ಭಾವಿಯ ತಳ ಕಾಣುವ ಬೇಸಗೆ. ಅಲ್ಲಿಯೂ ಏಪ್ರಿಲ್‌ನಿಂದ ಅಕ್ಟೋಬರದವರೆಗೆ ಮಳೆ ಕಡಿಮೆಯಾದ ತಿಂಗಳುಗಳು. ವಿಹಾರಿಗೆ ಅನುಕೂಲವಾದ ತಿಳಿಮುಗಿಲು ಅಲ್ಲಿಯ ತೊರೆಗೆ ಅನುಕೂಲವಾದದ್ದಲ್ಲ.

ಇಲ್ಲಿ ಒಂದು ಸಮಾಧಾನವು ಸಿದ್ಧವಾಗಿರುತ್ತದೆ: 'ಅತಿಥಿಯು ದೇವರೆಂದು ಹಿರಿಯರೇ ಹೇಳಿದ್ದಾರಲ್ಲ, ಅತಿಥಿಗೆ ನೀರು ಕೊಡುವುದು ಆತಿಥೇಯನ ಧರ್ಮವಲ್ಲವೆ?' ಈ ಮಾತನ್ನು ತುಸು ಬಿಡಿಸಿ ನೋಡಬೇಕು. ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿಯೆಂದು ನಿರ್ವಚನಕಾರರು ಹೇಳುವರು. ಹಸಿದು, ದಣಿದು, ಕತ್ತಲಾದುದರಿಂದ ಬಾಗಿಲು ಬಡಿದವನಿಗೆ ಇರುವ ಹಕ್ಕು ಅವನ ಕೊರತೆಯಿಂದ ಹುಟ್ಟಿದ್ದು. ದ್ವೀಪವಿಹಾರಿಯಾದರೋ ತಿಥಿಯನ್ನು ನಾಲ್ಕು ತಿಂಗಳ ಮೊದಲೇ ಗೊತ್ತುಮಾಡಿ, ಮುಂಗಡವನ್ನು ಕೊಟ್ಟು, ಕೋಣೆಯ ಕಿಟಕಿಯು ಯಾವ ದಿಕ್ಕಿಗಿರಬೇಕೆಂಬುದನ್ನೂ ಹೇಳಿ ಬರುತ್ತಾನೆ. ಅವನಿಗೆ ಕೊರತೆಯೊಂದೂ ಇಲ್ಲ. ಅತಿಥಿಯ ಹಕ್ಕನ್ನು ಕೇಳುವಾಗ ತಾನು ಅತಿಥಿಯೆನ್ನುವುದು, ಅತಿಥಿಯ ಸಂಕೋಚವನ್ನು ಕೇಳಿದಾಗ ತಾನು ಹಣ ತೆತ್ತ ಗಿರಾಕಿಯೆನ್ನುವುದು ಎರಡು ನಾಲಗೆಯ ಮಾತು. ಒಬ್ಬರ ಮನೆಯಲ್ಲಿ ಉಂಡು ಹಣ ಕೊಟ್ಟ ಮಾತ್ರಕ್ಕೆ ಅವರ ಭಾವಿಕಟ್ಟೆಯ ಮೇಲೆ ಕಾಲು ತೊಳೆಯುವ ಅಧಿಕಾರ ಬಾರದು. ಬಾಲಿಯು ವಿಧಿಸಿದ ಆ ಕರವನ್ನು ತೆತ್ತವನೂ ಅಲ್ಲಿಯ ನೀರಿನ ಋಣವನ್ನು ತೀರಿಸಿದಂತಾಗುವುದಿಲ್ಲ. ಋಣವಿದೆಯೆಂದು ಒಪ್ಪಿಕೊಂಡ ರಸೀತಿಯನ್ನು ಪಡೆದಂತೆ ಮಾತ್ರ ಆಗುತ್ತದೆ.

ಹಾಗಾದರೆ ಹೋಗದೆ ಇರುವುದೇ ಧರ್ಮವೆ? ಮೃದುವಾದ ಮನಸ್ಸಿನವರು ಇಷ್ಟು ಕೇಳಿದೊಡನೆ ಈ ನಿರ್ಣಯಕ್ಕೆ ಬರುವುದುಂಟು. ಆದರೆ ಇದಕ್ಕೂ ಪರೀಕ್ಷೆಯಾಗಿದೆ. ಕೊರೋನಾ ರೋಗದ ಕಾರಣದಿಂದ ೨೦೨೦ರ ಏಪ್ರಿಲ್‌ನಿಂದ ೨೦೨೧ರ ಅಕ್ಟೋಬರದವರೆಗೆ ಬಾಲಿಯು ಪರದೇಶದ ವಿಹಾರಿಗಳಿಗೆ ಮುಚ್ಚಿತ್ತು. ಆಗ ಕಡಲತೀರಗಳು ಶಾಂತವಾದುದು ನಿಜ; ಆದರೆ ವಸತಿಗೃಹಗಳಲ್ಲಿ ದುಡಿಯುತ್ತಿದ್ದವರು ಕೆಲಸವಿಲ್ಲದೆ ಊರುಗಳಿಗೆ ಮರಳಿದರು. ಕೆಲವರು ಬಿಟ್ಟ ಗದ್ದೆಯನ್ನು ಮತ್ತೆ ಹಿಡಿದರು, ಕೆಲವರು ಕಡಲಪಾಚಿಯನ್ನು ಬೆಳೆಯತೊಡಗಿದರು, ಅನೇಕರು ಕಷ್ಟಪಟ್ಟರು. ವಿಹಾರಿಯ ಹಣದಿಂದ ಅಲ್ಲಿ ಮಕ್ಕಳು ಶಾಲೆಗೆ ಹೋಗುತ್ತಾರೆ, ಮನೆಗಳಿಗೆ ಮಾಡು ಬೀಳುತ್ತದೆ. ಹೋಗದೆ ಉಳಿದವನು ನೀರನ್ನು ಉಳಿಸಿದಂತೆಯೇ ಒಬ್ಬನ ಕೂಲಿಯನ್ನೂ ಕಳೆದಂತಾಗುವುದು. ಆದುದರಿಂದ ಹೋಗಬೇಕೆ ಬೇಡವೆ ಎಂಬ ಪ್ರಶ್ನೆಗಿಂತ ಹೇಗಾಗಿ ಹೋಗಬೇಕೆಂಬ ಪ್ರಶ್ನೆಯೇ ಹೆಚ್ಚು ಕಠಿಣವಾದದ್ದು. ಸಿದ್ಧತೆಯ ಅರ್ಥವಿರುವುದೂ ಅಲ್ಲಿಯೇ.

ಇದಕ್ಕೆ ಉತ್ತರವನ್ನು ದ್ವೀಪವೇ ವರ್ಷಕ್ಕೊಮ್ಮೆ ಕೊಡುತ್ತದೆ. ಬಾಲಿಯ ಹಿಂದೂಗಳೂ ಶಕವರ್ಷವನ್ನೇ ಎಣಿಸುತ್ತಾರೆ. ಅವರ ಹೊಸವರ್ಷದ ದಿನಕ್ಕೆ 'ನ್ಯೆಪಿ' ಎಂದು ಹೆಸರು. ಅಧಿಕಮಾಸದ ಎಣಿಕೆಯ ಭೇದದಿಂದ ಅದು ಕೆಲವು ಸಲ ಕನ್ನಡಿಗರ ಯುಗಾದಿಯಿಂದ ದೂರ ಸರಿಯುತ್ತದೆ. ಕೆಲವು ಸಲ ಎರಡೂ ಕೂಡಿಯೇ ಬರುತ್ತವೆ. ೨೦೨೩ರ ಮಾರ್ಚ್ ೨೨ರಂದು ಹಿರೇವಡ್ಡಟ್ಟಿಯಲ್ಲಿ ಬೇವುಬೆಲ್ಲ ಹಂಚಿದ ದಿನವೇ ಬಾಲಿಯಲ್ಲಿ ನ್ಯೆಪಿಯೂ ಆಗಿತ್ತು. ಇಲ್ಲಿ ಹೊಸವರ್ಷವು ಹೋಳಿಗೆಯ ಹಬ್ಬ; ಅಲ್ಲಿ ಮೌನದ ಹಬ್ಬ. ಆ ದಿನ ಬೆಂಕಿ ದೀಪಗಳನ್ನು ಹೊತ್ತಿಸಬಾರದು, ಕೆಲಸ ಮಾಡಬಾರದು, ಮನೆಯಿಂದ ಹೊರಗೆ ಹೋಗಬಾರದು, ವಿನೋದದಲ್ಲಿ ತೊಡಗಬಾರದು ಎಂಬ ನಾಲ್ಕು ನಿಯಮಗಳು. ಇಪ್ಪತ್ತುನಾಲ್ಕು ತಾಸು ವಿಮಾನನಿಲ್ದಾಣವು ಮುಚ್ಚಿರುತ್ತದೆ. ಊರಿನ ಕಾವಲುಗಾರರು ಮಾತ್ರ ಬೀದಿಗಳಲ್ಲಿ ತಿರುಗುತ್ತಾರೆ. ಪರದೇಶದ ವಿಹಾರಿಯೂ ತನ್ನ ವಸತಿಯ ಅಂಗಳವನ್ನು ದಾಟುವಂತಿಲ್ಲ. ಕಡಲತೀರವು ಅವನಿಗೂ ಇಲ್ಲ. ಎಷ್ಟು ಹಣ ತೆತ್ತವನಾದರೂ ಆ ದಿನವನ್ನು ಕೊಳ್ಳಲಾರನು.

ಗಿರಾಕಿಯೆಂಬ ಮನಸ್ಸಿನಿಂದ ಬಂದವನು ಎಂಟು ದಿನಗಳಲ್ಲಿ ಒಂದು ದಿನ ವ್ಯರ್ಥವಾಯಿತೆಂದು ಗೊಣಗುವನು. ಆದರೆ ಸೋಮವಾರ ಎತ್ತು ಹೂಡದ ಮನೆಯಿಂದ ಬಂದವನಿಗೆ ಇದರ ಅರ್ಥವು ತಿಳಿಯದೆ ಇರದು. ಹೊಲದವನು ಎತ್ತಿಗೆ ಕೊಟ್ಟ ಬಿಡುವನ್ನು ಆ ಜನರು ತಮ್ಮ ದ್ವೀಪಕ್ಕೆ, ಅದರ ನೀರಿಗೆ, ಗಾಳಿಗೆ, ಹಾದಿಗೆ ಕೊಡುತ್ತಿದ್ದಾರೆ. ತಾನು ವಿಶ್ರಾಂತಿಗಾಗಿ ಬಂದ ನೆಲಕ್ಕೂ ವಿಶ್ರಾಂತಿಯ ಹಕ್ಕು ಇದೆಯೆಂಬುದನ್ನು ಒಪ್ಪಿದವನೇ ಅಲ್ಲಿ ವಿಶ್ರಮಿಸಲು ಯೋಗ್ಯನು. ಯಜಮಾನರ ಆಕ್ಷೇಪಕ್ಕೂ ಮಗನ ಹಕ್ಕಿಗೂ ಇಲ್ಲಿ ಸಂಧಿಯುಂಟಾಗುತ್ತದೆ.

ಇಷ್ಟನ್ನು ಒಪ್ಪಿಕೊಂಡರೆ ಯಾದಿಯು ಬೇರೆಯಾಗುವುದು. ಮೊದಲನೆಯದಾಗಿ ಬಿಟ್ಟು ಹೋಗುವ ಮನೆಯ ಲೆಕ್ಕ. ಆಳುಗಳ ಕೂಲಿಯನ್ನು ಬಂದ ಮೇಲೆ ಕೊಡುವೆನೆನ್ನದೆ ಹೊರಡುವ ಮುಂಚೆ ಕೊಡಬೇಕು. ಎಮ್ಮೆಗೆ ಮೇವು ನೀರು ನೋಡಲು ಒಪ್ಪಿದ ನೆರೆಯವನಿಗೆ ಅದು ಎಂಟು ದಿನದ ದುಡಿಮೆಯೆಂಬುದನ್ನು ಮರೆಯಬಾರದು. ಒಬ್ಬನ ಬಿಡುವು ಇನ್ನೊಬ್ಬನ ಹೆಗಲಿನ ಮೇಲೆಯೇ ನಿಂತಿರುತ್ತದೆ. ಸಾಲ ತೆಗೆದು ಹೊರಡುವ ವಿಹಾರವಂತೂ ಬಂದ ಮೇಲಿನ ವಿಶ್ರಾಂತಿಯನ್ನು ಮೊದಲೇ ಮಾರಿದಂತೆ. ಎರಡನೆಯದಾಗಿ ಹೋಗುವ ಊರಿನ ಲೆಕ್ಕ. ಅಲ್ಲಿಯ ಭಾಷೆಯ ನಾಲ್ಕು ಮಾತುಗಳು, ಗುಡಿಯನ್ನು ಹೊಗುವಾಗ ಸೊಂಟಕ್ಕೆ ವಸ್ತ್ರ ಸುತ್ತಿ ನಡುಪಟ್ಟಿ ಕಟ್ಟಬೇಕೆಂಬ ಪದ್ಧತಿ, ಹಾದಿಯಲ್ಲಿ ಎಲೆಯ ದೊನ್ನೆಯಲ್ಲಿಟ್ಟ ನೈವೇದ್ಯವನ್ನು ತುಳಿಯಬಾರದೆಂಬ ಎಚ್ಚರ, ಇವು ಬಟ್ಟೆಬರೆಗಳಿಗಿಂತ ಮೊದಲು ಕಟ್ಟಿಕೊಳ್ಳಬೇಕಾದ ಸಾಮಾನುಗಳು. ೨೦೧೯ರಿಂದ ಬಾಲಿಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧವಿದೆ. ಆದುದರಿಂದ ಬಟ್ಟೆಯ ಚೀಲವೂ ನೀರಿನ ತಂಬಿಗೆಯೂ ಗಂಟಿನಲ್ಲಿರಲಿ. ಈಜುಕೊಳವಿಲ್ಲದ ವಸತಿಯು ಸಾಕೆಂದರೆ ಬಾಡಿಗೆಯೂ ಇಳಿಯುವುದು, ನೀರೂ ಉಳಿಯುವುದು. ಊರಿನವರೇ ನಡೆಸುವ ಮನೆಯಲ್ಲಿ ಇಳಿದರೆ ಹಣವು ಊರಿನಲ್ಲಿಯೇ ನಿಲ್ಲುವುದು.

ಮೂರನೆಯದು ಮನಸ್ಸಿನ ಸಿದ್ಧತೆ. ಇದನ್ನು ಕಲಿಸಲು ಹೊರಗಿನ ಗುರುವು ಬೇಕಿಲ್ಲ. ಚೈತ್ರದ ಬಿಸಿಲಿನಲ್ಲಿ ಬಾಲಿಯಿಂದ ಒಂದು ಕುಟುಂಬವು ಹಿರೇವಡ್ಡಟ್ಟಿಗೆ ಬಂದು ಇದೇ ಮನೆಯಲ್ಲಿ ಎಂಟು ದಿನ ಇಳಿದುಕೊಂಡಿತೆಂದು ಮನೆಯವರು ಊಹಿಸಿ ನೋಡಲಿ. ಅವರು ಬಾಡಿಗೆಯನ್ನು ಧಾರಾಳವಾಗಿ ಕೊಟ್ಟರು. ಆದರೆ ದಿನಕ್ಕೆ ಮೂರು ಸಲ ಸ್ನಾನ ಮಾಡಿದರು, ತುಂಬಿಟ್ಟ ಹಂಡೆಯನ್ನು ಬರಿದುಮಾಡಿದರು, ಜಗಲಿಯ ಮೇಲೆ ಪಾದರಕ್ಷೆಯೊಡನೆ ಕುಳಿತರು, ಊರಿನ ಬಿಸಿಲನ್ನು ಹಳಿದು ಹೊರಟುಹೋದರು. ಅವರು ಕೊಟ್ಟ ಹಣವನ್ನು ಯಜಮಾನರು ಎಣಿಸಿಕೊಳ್ಳಬಹುದು; ಅವರನ್ನು ನೆನೆಯಲಾರರು. ಇನ್ನೊಂದು ಕುಟುಂಬವು ಬಂದು, ಮೊದಲ ದಿನವೇ 'ನೀರಿನ ಪಾಳಿ ಯಾವಾಗ?' ಎಂದು ಕೇಳಿ, ಕೊಡ ಹಿಡಿದು ಜೊತೆಗೆ ನಿಂತಿತೆಂದು ಊಹಿಸಲಿ. ಅವರು ಕೊಟ್ಟ ಹಣವು ಕಡಿಮೆಯಾಗಿದ್ದರೂ ಬರುವ ವರ್ಷ ಅವರ ದಾರಿಯನ್ನು ಮನೆಯವರು ನೋಡುವರು. ತಾವು ಯಾರಂತೆ ಹೋಗಬೇಕೆಂಬುದು ಇದರಿಂದಲೇ ಗೊತ್ತಾಗುವುದು.

ಇಂಥ ಸಿದ್ಧತೆಯಿಂದ ವಿಹಾರದ ಸುಖವು ಕುಂದುವುದೆಂದು ಭಯಪಡಬೇಕಾಗಿಲ್ಲ. ಎಲ್ಲವೂ ತನಗಾಗಿಯೇ ಸಿದ್ಧವಾಗಿದೆಯೆಂದು ಬಗೆದವನಿಗೆ ಒಂದು ಕುಂದು ಕಂಡರೂ ಸಿಟ್ಟು ಬರುವುದು. ಯಾವುದೂ ತನ್ನದಲ್ಲವೆಂದು ತಿಳಿದವನಿಗೆ ದೊರೆತದ್ದೆಲ್ಲ ಲಾಭವಾಗಿ ತೋರುವುದು. ಮೊದಲನೆಯ ಸಲ ಕಡಲನ್ನು ನೋಡುವ ಮುದುಕನಿಗೆ ತೆರೆಯ ಸಪ್ಪಳ ಸಾಕು. ಅಲ್ಲಿಯ ಗದ್ದೆಯ ಬದುವಿನ ಮೇಲೆ ನಿಂತು, ನೀರು ಮೇಲಿನ ಮಡಿಯಿಂದ ಕೆಳಗಿನ ಮಡಿಗೆ ಇಳಿಯುವುದನ್ನು ನೋಡಿದಾಗ, ಭಾಷೆ ಬಾರದಿದ್ದರೂ ಒಕ್ಕಲಿಗನು ಒಕ್ಕಲಿಗನನ್ನು ಗುರುತಿಸುವನು.

ಎತ್ತಿನ ಜೋಡಿಯ ಮಾತು ಆ ಮನೆಯಲ್ಲಿ ಮುಂದೆಯೂ ಕೆಲವು ದಿನ ನಡೆಯಬಹುದು. ನಡೆಯುವುದೂ ಒಳ್ಳೆಯದೇ, ವೆಚ್ಚಕ್ಕೆ ಕಾವಲು ಬೇಕು. ಆದರೆ ಪಾಸ್‌ಪೋರ್ಟು, ಟಿಕೀಟು, ಕರ, ಔಷಧ, ಕಟಕರೊಟ್ಟಿ ಎಂದು ಮಗನು ಬರೆದ ಯಾದಿಯಲ್ಲಿ ತಾಯಿಯ ಪ್ರಶ್ನೆಗೆ ಇನ್ನೂ ಸ್ಥಳ ದೊರೆತಿಲ್ಲ. ಅದನ್ನು ಎಲ್ಲಕ್ಕೂ ಮೇಲೆ ಬರೆದುಕೊಂಡು ಹೊರಟರೆ, ಉಳಿದವುಗಳಲ್ಲಿ ಒಂದೆರಡು ಮರೆತುಹೋದರೂ ಯಾತ್ರೆಗೆ ಕುಂದಿಲ್ಲ.